ಹದಿನೆಂಟು ಮೈಕ್ರಾನ್ ಎಲ್ಲಿ ಹೋಯಿತು?

ಕಬ್ಬಿಣ ಕಡೆಯುವ ನಮ್ಮ ಲೇತ್ ಅಂಗಡಿಯ ಯಜಮಾನ ಸೊಳ್ಳೆಯ ರೆಕ್ಕೆಯನ್ನು ಬೆರಳಲ್ಲಿ ಸವರಿ, ಅದರ ದಪ್ಪ ಇಷ್ಟೇ ಮೈಕ್ರಾನ್ ಎಂದು ಹೇಳಿಬಿಡುತ್ತಿದ್ದ. ಸೊಳ್ಳೆ ಹೌದೆಂದು ತಲೆಯಾಡಿಸಿ ಹಾರಿಹೋಗುತ್ತಿತ್ತು. ಮೈಕ್ರಾನ್ ಅಂದರೆ ಒಂದು ಮಿಲಿಮೀಟರನ್ನು ಸಾವಿರ ಚೂರು ಮಾಡಿದರೆ ಸಿಗುವ ಒಂದು ಚೂರು. ಇಂಥವನಿಗೆ ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ, ಅದನ್ನು ಇಳಿಸಲು ಡಾಕ್ಟರು ದಿನಾ ಹಾಕಲು ಹನಿ ಬರೆದುಕೊಟ್ಟಿದ್ದರು.

ಒಂದು ದಿನ ಕಣ್ಣಾಸ್ಪತ್ರೆಯಲ್ಲಿ ಕೆಲಸ ಮಾಡುವ ಅವನ ನಾದಿನಿ ಅಂಗಡಿಗೆ ಬಂದಳು. ಯಜಮಾನ ಕಬ್ಬಿಣದ ಚೂರು ಗುಡಿಸಿ, ಮೇಜಿನ ಮೇಲೆ ಆಸ್ಪತ್ರೆಯ ಎರಡು ಚೀಟಿ ಹರಡಿದ.

"ನೋಡಮ್ಮ, ಕಣ್ಣಿನ ಮುಂದಿನ ಗಾಜಿನಂಥ ಪದರ, ಅದೇ ಕಾರ್ನಿಯಾ. ಅದರ ದಪ್ಪ ಮೊದಲು ಐನೂರ ನಲವತ್ತೆಂಟು ಮೈಕ್ರಾನ್, ಮೂರು ತಿಂಗಳಿಗೆ ಐನೂರ ಮೂವತ್ತು. ಹನಿ ನನ್ನ ಕಣ್ಣನ್ನ ಸವೆಸ್ತಾ ಇದೆ. ಹನ್ನೆರಡು ದಿನದಿಂದ ನಿಲ್ಲಿಸಿದೀನಿ."

ನಾದಿನಿ ಚೀಟಿ ತಿರುಗಿಸಿ ನೋಡಿದಳು. "ಭಾವ, ಮೊದಲ ಸಲ ಹೇಗೆ ಅಳೆದ್ರು?"

"ಮರಗಟ್ಟೋ ಹನಿ ಹಾಕಿ, ಪೆನ್ನಿನ ಮೊನೆಯಂಥದ್ದು ತಾಗಿಸಿದ್ರು. ರೆಪ್ಪೆ ಬಡಿಯದೆ ಮೂರು ಗಂಟೆ ಕೂತಿದ್ದೆ."

"ಮೂರು ನಿಮಿಷಾನೂ ಆಗಿರಲ್ಲ. ಎರಡನೇ ಸಲ?"

"ಯಂತ್ರದ ಮೇಲೆ ಗಲ್ಲ ಇಟ್ಟು ಬೆಳಕು ನೋಡು ಅಂದ್ರು. ಏನೂ ತಾಗಿಸಲಿಲ್ಲ."

"ಅದು ಶಬ್ದದ ಅಲೆಯಿಂದ ಅಳೆಯೋದು, ಇದು ಬೆಳಕಿನಿಂದ. ಎರಡೂ ಒಳ್ಳೆಯವೇ. ಆದ್ರೆ ಒಂದೇ ಕಣ್ಣಿಗೆ ಸ್ವಲ್ಪ ಬೇರೆ ಬೇರೆ ಸಂಖ್ಯೆ ತೋರಿಸಬಹುದು."

"ಇಷ್ಟಕ್ಕೂ ದಪ್ಪ ಯಾಕೆ ಅಳೀಬೇಕು?"

"ಪದರ ತೆಳುವಾಗಿದ್ರೆ ಕಣ್ಣಿನ ಒತ್ತಡ ಅಳೆದಾಗ ಇರೋದಕ್ಕಿಂತ ಕಡಿಮೆ ಅಂತ ತೋರಬಹುದು, ದಪ್ಪಗಿದ್ರೆ ಜಾಸ್ತಿ ಅಂತ. ಅದಿರಲಿ, ಗಿರಾಕಿ ಒಂದೇ ಕಬ್ಬಿಣದ ಶಾಫ್ಟನ್ನ ಎರಡು ಬೇರೆ ಅಳತೆ ಗೇಜಲ್ಲಿ ಅಳೆದು, ಸವೆದಿದೆ, ಹೊಸದು ಮಾಡಿಕೊಡಿ ಅಂದ್ರೆ ಏನಂತೀರಿ?"

"ಮೊದಲು ಒಂದೇ ಗೇಜಲ್ಲಿ ಅಳೆದು ಬಾ ಅಂತೀನಿ," ಎಂದವನೇ ಯಜಮಾನ ಎರಡೂ ಚೀಟಿ ಮಡಚಿ ಜೇಬಿಗಿಟ್ಟ.

ಮರುದಿನ ಆಸ್ಪತ್ರೆಯಲ್ಲಿ ಅದೇ ಪೆನ್ನಿನ ಮೊನೆಯಂಥ ಯಂತ್ರದಲ್ಲಿ ಅಳೆದರು. ಐನೂರ ನಲವತ್ತೇಳು. ಕಾರ್ನಿಯಾ ಸವೆದಿರಲಿಲ್ಲ. ಆದರೆ ಹನಿಯಿಲ್ಲದೆ ಒತ್ತಡ ಏರಿತ್ತು. ಡಾಕ್ಟರು ಅಲ್ಲೇ ಹನಿ ಮತ್ತೆ ಶುರುಮಾಡಿಸಿದರು.

ಓದುಗರೇ, ಕಾರ್ನಿಯಾದ ದಪ್ಪ ಅಳೆಸಿದಾಗ ಯಾವ ಯಂತ್ರ ಎಂದು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಹಳೇ ಚೀಟಿ ಜೊತೆಗೆ ಒಯ್ಯಿರಿ. ಹೋಲಿಸುವುದಾದರೆ ಅದೇ ಯಂತ್ರದ ಸಂಖ್ಯೆಗಳನ್ನೇ ಹೋಲಿಸಿ. ಅನುಮಾನ ಬಂದರೆ ಡಾಕ್ಟರನ್ನು ಕೇಳಿ. ಹನಿಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಇಷ್ಟು ಬರೆದು ಓದಿ ತೋರಿಸಿದರೆ, ನನ್ನ ಹೆಂಡತಿ, "ಹನ್ನೆರಡು ದಿನಾನಾ ರೀ?" ಅಂದಳು.

ಸರಿ, ಒಪ್ಪಿದೆ. ಎಲ್ಲದಕ್ಕೂ ಒಂದು ಸೊನ್ನೆ ಸೇರಿಸಿ ಹೇಳುವ ನಾನು ಇದೊಂದನ್ನು ಕಡಿಮೆ ಮಾಡಿ ಹೇಳಿದೆ. ನಿಲ್ಲಿಸಿದ್ದು ನಲವತ್ತು ದಿನ. ಆ ಯಜಮಾನ ನಾನೇ. ಎಡಗಣ್ಣಿನ ಅಂಚಿನ ನೋಟ ಸ್ವಲ್ಪ ಹೋಯಿತು. ಅದು ತಿರುಗಿ ಬರುವುದಿಲ್ಲವಂತೆ.