ಬಸವರಾಜು ಮೇಷ್ಟ್ರ ಪೀಠಿಕೆ

ಬಸವರಾಜು ಮೇಷ್ಟ್ರು ಅರ್ಥಶಾಸ್ತ್ರದಲ್ಲಿ ಮಹಾ ಪಂಡಿತರೆಂದು ಹುಣಸೂರಿನ ಆ ಹೊಳೆದಂಡೆ ಕಾಲೇಜಿನಲ್ಲಿ ಎಲ್ಲರೂ ನಂಬಿದ್ದರು. ತಮಗೆ ತಿಳಿದದ್ದನ್ನು ಅವರು ಯಾರಿಗೂ ಹೇಳಿ ವ್ಯರ್ಥ ಮಾಡುತ್ತಿರಲಿಲ್ಲ. ಮೈಸೂರಿನ ಬಸ್ಸಿಳಿದು ಬಂದು, ಕರವಸ್ತ್ರದಿಂದ ಕುರ್ಚಿ ಒರೆಸಿ, "ಎಲ್ಲಿಗೆ ನಿಲ್ಸಿದ್ವಿ?" ಎಂದು ಕೇಳುತ್ತಿದ್ದರು. ಹಿಂದಿನ ಬೆಂಚಿನ ಅಂಕಯ್ಯ ಎದ್ದು, ಬಹಳ ವಿನಯದಿಂದ, "ಪೀಠಿಕೆ ಸಾರ್" ಎನ್ನುತ್ತಿದ್ದ. ಪೀಠಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಎಪ್ಪತ್ತರ ಜುಲೈನಲ್ಲಿ ಹಿಡಿದದ್ದು, ಹೊಗೆಸೊಪ್ಪಿನ ಕುಯಿಲು ಮುಗಿದು ಸಂಕ್ರಾಂತಿ ಬಂದರೂ ಪೀಠಿಕೆಯೇ. ಹುಡುಗರಿಗೆ ಇದು ಹಿತವಾಗಿತ್ತು.

ಅದೇ ತರಗತಿಯ ಮಾಯಮ್ಮನಿಗೆ ಮಾತ್ರ ಹಿತವಾಗಿರಲಿಲ್ಲ. ವೀರನಹೊಸಹಳ್ಳಿಯಿಂದ ಅವಳನ್ನು ಕರೆತಂದು ಸೇರಿಸಿದ ದಿನವೇ ಅಪ್ಪ ನಿಂಗಯ್ಯ ಹೇಳಿದ್ದ: "ಓದು, ಬ್ಯಾಡ ಅನ್ನಕ್ಕಿಲ್ಲ ಕಣವ್ವ. ಒಂದ್ಸಲ ಫೇಲಾದ್ಯೋ, ವಸ ಅಗ್ರಾರದಲ್ಲಿ ನಿನ್ ಮಾವ ಕಾಯ್ಕಂಡವ್ನೆ." ಆಶಾವಾದಿಯಾದ ಸೋದರಮಾವ ಮದುವೆ ಚಪ್ಪರಕ್ಕೆ ಬಿದಿರನ್ನೂ ಕಡಿಸಿಟ್ಟಿದ್ದ.

ಒಂದು ದಿನ ಅಂಕಯ್ಯನಿಗಿಂತ ಮೊದಲೇ ಅವಳು ಎದ್ದಳು. "ಪೀಠಿಕೆ ಮುಗೀತು ಸಾರ್. ಇನ್ನು ಎರಡನೇ ಅಧ್ಯಾಯ."

"ಮುಗೀತೇ? ಭೇಷ್. ಎರಡನೇದು ಸುಲಭ, ನೀವೇ ಓದ್ಕೊಳ್ಳಿ" ಎಂದು ಮೇಷ್ಟ್ರು ಬಸ್ಸಿಗೆ ಹೊರಟರು.

ಅಂಕಯ್ಯನಿಗೆ ಜ್ಞಾನೋದಯವಾಯಿತು. ಮರುದಿನ "ಎರಡೂ ಮುಗೀತು ಸಾರ್" ಎಂದ. ಅದರ ಮರುದಿನ ಮೂರು. ಹೀಗೆ ಕೆಲವೇ ದಿನಗಳಲ್ಲಿ ಇಡೀ ಪುಸ್ತಕ ಮುಗಿದು, ಎಲ್ಲರಿಗಿಂತ ಮೊದಲು ಪಾಠ ಮುಗಿಸಿದ್ದಕ್ಕೆ ಪ್ರಿನ್ಸಿಪಾಲರು ಮೇಷ್ಟ್ರ ಕೈಕುಲುಕಿದರು. ಅಂಕಯ್ಯನಿಗೆ ಈ ದಾರಿ ತೋರಿಸಿದವಳು ತಾನೇ ಎಂದು ಮಾಯಮ್ಮ ಹಣೆ ಚಚ್ಚಿಕೊಂಡಳು.

"ಇನ್ನು ರಿವಿಷನ್ನು. ಎಲ್ಲಿಂದ ಹಿಡಿಯೋಣ?" ಎಂದರು ಮೇಷ್ಟ್ರು.

"ಪೀಠಿಕೆಯಿಂದ್ಲೇ ಸಾರ್" ಎಂದ ಅಂಕಯ್ಯ.

ಮಾಯಮ್ಮ ಎದ್ದಳು. "ರಿವಿಷನ್ ಅಂದ್ರೆ ನಾವು ಒಪ್ಪಿಸ್ಬೇಕಲ್ವಾ ಸಾರ್? ನೀವು ಕೂತ್ಕೊಳ್ಳಿ, ಎರಡನೇದು ನಾನು ಹೇಳ್ತೀನಿ."

ಇಷ್ಟು ಒಳ್ಳೆಯ ಮಾತನ್ನು ಮೇಷ್ಟ್ರು ತಮ್ಮ ಸರ್ವೀಸಿನಲ್ಲೇ ಕೇಳಿರಲಿಲ್ಲ. ಕುಳಿತರು, ತುಸು ಹೊತ್ತಿಗೆ ಕಣ್ಣೂ ಮುಚ್ಚಿದರು. ಅಂದಿನಿಂದ ಅವಳು ಬೆಳಿಗ್ಗೆ ಲೈಬ್ರರಿಯಲ್ಲಿ ಓದಿದ್ದನ್ನು ಮಧ್ಯಾಹ್ನ ಬೋರ್ಡಿನ ಮುಂದೆ ಹೇಳತೊಡಗಿದಳು.

"ಟೀಚರಮ್ಮಾರೇ, ಹಾಜ್ರಿ ಕೂಗಕ್ಕಿಲ್ವಾ?" ಎಂದ ಅಂಕಯ್ಯ.

"ಕೂತ್ಕೊಳಪ್ಪ. ನಿಮ್ಮಪ್ಪನ ಹೊಗೆಸೊಪ್ಪಿಗೆ ಕೊಳ್ಳೋರು ಜಾಸ್ತಿಯಾದ್ರೆ ರೇಟು ಏನಾಯ್ತದೆ?"

"ಏರ್ತದೆ. ನಮ್ಮಪ್ಪಂಗೆ ಸಿಗಕ್ಕಿಲ್ಲ ಅಷ್ಟೆ."

ಫಲಿತಾಂಶ ಬಂದಾಗ ಮಾಯಮ್ಮ ಪಾಸಾಗಿದ್ದಳು. ಅಂಕಯ್ಯನೂ ಹೇಗೋ ದಾಟಿಕೊಂಡಿದ್ದ. ನಿಂಗಯ್ಯ ಬಾಳೆಗೊನೆ ಹೊತ್ತು ಕಾಲೇಜಿಗೇ ಬಂದು ಮೇಷ್ಟ್ರ ಮುಂದೆ ಇಳಿಸಿದ. "ಎಲ್ಲಾ ನಿಮ್ ಪಾಟದ ಪುಣ್ಯ, ಬುದ್ಧಿ."

ಮೇಷ್ಟ್ರು ಗೊನೆಯನ್ನು ಸವರಿ, ದೊಡ್ಡ ಮನಸ್ಸು ಮಾಡಿ, "ಹುಡುಗೀನೂ ಒಂಚೂರು ಕಷ್ಟಪಟ್ಟಿದಾಳೆ ಕಣಯ್ಯ" ಎಂದರು.

ಮಾಯಮ್ಮ ಮೇಷ್ಟ್ರಿಗೆ ಕೈಮುಗಿದಳು. ಎರಡನೇ ವರ್ಷಕ್ಕೂ ಇವರೇ. ಬಿದಿರು ಇನ್ನೂ ಮಾವನ ಹಿತ್ತಲಲ್ಲೇ ಒರಗಿತ್ತು.

ಜುಲೈ ಬಂತು. ಮೇಷ್ಟ್ರು ಕುರ್ಚಿ ಒರೆಸಿ, "ಎಲ್ಲಿಗೆ ನಿಲ್ಸಿದ್ವಿ?" ಎಂದರು. ಅಂಕಯ್ಯ ಅರ್ಧ ಎದ್ದಿದ್ದ.

"ನೀವು ಕೂತಿದ್ರಿ ಸಾರ್, ನಾನು ನಿಂತಿದ್ದೆ" ಎಂದಳು ಮಾಯಮ್ಮ.

"ಹೌದಲ್ಲವೇ" ಎಂದು ಮೇಷ್ಟ್ರು ಕುಳಿತರು. ಅವಳು ಸೀಮೆಸುಣ್ಣ ಎತ್ತಿಕೊಂಡಳು.