ಐದು ಗಂಟೆ ನಲವತ್ತು ನಿಮಿಷ

ಹಸಿರು ದೀಪ ಮತ್ತೆ ಮಿನುಗಿತು, ಸಾಸಿವೆ ಕಾಳಿನಷ್ಟು ದೀಪ, ಆ ಬೂದು ಪೆಟ್ಟಿಗೆಯ ಮೂತಿಯಲ್ಲಿ, ಒಂದು ಸಲ, ಎರಡು ಸಲ, ಒಳಗೆ ಕರಕರ ಸದ್ದು, ಹಲ್ಲಿಗೆ ಕಲ್ಲು ಸಿಕ್ಕ ಹಾಗೆ — ಅರವತ್ತೊಂದು, ಅರವತ್ತೆರಡು, ಇಲ್ಲ, ಮಣಿ ತಪ್ಪಿತು, ಶ್ರೀಹರಿ, ಮೊದಲಿನಿಂದ ಎಣಿಸಬೇಕು, ದೇವರ ಮುಂದೆ ಕೂತು ಈ ಹುಡುಗಿಯ ಬೆನ್ನು ನೋಡುತ್ತಿದ್ದರೆ ಜಪ ಎಲ್ಲಿ ನಿಂತೀತು, ನಮ್ಮವರ ಕುರ್ಚಿಯಲ್ಲೇ ಕೂತಿದ್ದಾಳೆ ನಮ್ರತಾ, ನನ್ನನ್ನು ಕೇಳದೆ ಕೂತಳು, ಅವರ ಮೂರನೆಯ ಮಾಸಿಕ ಶ್ರಾದ್ಧ ಮುಗಿದು ಎರಡು ದಿನವಾಗಿಲ್ಲ, ಆ ಕುರ್ಚಿಯನ್ನು ನಾನು ದಿನಾ ಒರೆಸುತ್ತೇನೆ, ಕೂರುವುದಿಲ್ಲ. ಇವಳು ಕೂತಳು, ಕೀಲಿಮಣೆ ಎಳೆದುಕೊಂಡಳು, ಗುಪ್ತಪದ ಹೊಡೆದಳು, ಸರ್ ಪಾಸ್‌ವರ್ಡ್ ನಂಗೆ ಗೊತ್ತು ಆಂಟಿ, ಅಂದಳು, ತಿರುಗಿ ಕೂಡ ನೋಡದೆ. ಮೂವತ್ತೆಂಟು ವರ್ಷ ಅವರ ಮಡಿಪಂಚೆ ಒಣಗಿಸಿದವಳು ನಾನು, ನನಗೆ ಗೊತ್ತಿಲ್ಲ, ಇವಳಿಗೆ ಗೊತ್ತು. ಇವಳಿಗೆ ಏನು ತಾನೇ ಗೊತ್ತಿರಲಿಲ್ಲ, ಅವರ ಕೊನೆಯ ವಿದ್ಯಾರ್ಥಿನಿ, ಈ ಊರಲ್ಲೇ ಹುಟ್ಟಿದ ರೈಲ್ವೆಯವರ ಮಗಳು, ಪ್ರಬಂಧ ಮುಗಿಸುವ ಮೊದಲೇ ಸೆಕ್ಟರ್ ಫೈವ್‌ನ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಹಿಡಿದಳು, ಆದರೂ ಶನಿವಾರ ಹತ್ತು ಗಂಟೆಗೆ ಕರೆಗಂಟೆ ಒತ್ತುವುದು ತಪ್ಪಿಸಲಿಲ್ಲ, ಇವರು ಪಾಠ ಹೇಳುತ್ತಿದ್ದ ಸಂಸ್ಥೆಯವರು ಬೇಡವೆಂದು ಬಿಸಾಡಿದ ಈ ಯೂನಿಕ್ಸ್ ಯಂತ್ರವನ್ನು ಟ್ಯಾಕ್ಸಿಯಲ್ಲಿ ಮಡಿಲ ಮೇಲೆ ಇಟ್ಟುಕೊಂಡು ತಂದವರು ಇವರು, ಅದರ ಮುಂದೆ ಇಬ್ಬರೂ ಕೂತು ನಗುತ್ತಿದ್ದರು, ನಾನು ಅಡುಗೆಮನೆಯಲ್ಲಿ ಹಾಲು ಉಕ್ಕದಂತೆ ಕಾಯುತ್ತ ಆ ನಗು ಕೇಳುತ್ತಿದ್ದೆ. ಕೂಸೇ, ನಿಧಾನ ಅಂತ ಅದನ್ನ ಬೈಬೇಡ, ಯಂತ್ರದ ಲೆಕ್ಕದಲ್ಲಿ ಅದಕ್ಕೂ ನನ್ನಷ್ಟೇ ವಯಸ್ಸು, ಅನ್ನುತ್ತಿದ್ದರು ಇವಳಿಗೆ. ಕೂಸೇ. ನನ್ನನ್ನು ವಿಶಾಲು ಅನ್ನುತ್ತಿದ್ದರು, ಅದೂ ಕಾಫಿ ಬೇಕಾದಾಗ.

ಅವಳ ಪ್ರಬಂಧದ ಅಂಕಿಅಂಶವೆಲ್ಲ ಇದರೊಳಗೆ ಇದೆಯಂತೆ, ಹೊರಗೆ ತೆಗೆಯಬೇಕಂತೆ, ಬೆಳಗ್ಗೆ ಎಂಟಕ್ಕೆ ಬಂದವಳು ಒಂಬತ್ತಾದರೂ ಕಾಲುಭಾಗ ತೆಗೆದಿರಲಿಲ್ಲ, ಆ ಹಸಿರು ದೀಪ ಮಿನುಗುತ್ತಲೇ ಇತ್ತು, ಆಗ ಹೇಳಿದಳು — ಆಂಟಿ, ಡಿಸ್ಕ್ ಮುದಿ ಬುಡ್ಡಾ ಆಗೋಗಿದೆ, ಅದೊಂದೇ ಅಲ್ಲ, ನಾವು ಯಾವ ಫೈಲ್ ಓದಿದ್ರೂ ಇದು ಓದಿದ ಟೈಮ್ ಬರ್ಕೊಳ್ಳುತ್ತೆ, ಸಾವಿರ ಓದಿದ್ರೆ ಸಾವಿರ ಸಲ ಬರೆಯೋದು, ಯಾರಿಗೂ ಬೇಕಿಲ್ಲ ಅದು, ಆ ಬರ್ಕೊಳ್ಳೋದನ್ನ ಬಂದ್ ಮಾಡಿದ್ರೆ ಡಿಸ್ಕ್ ಓಡುತ್ತೆ. ಯಾರಿಗೂ ಬೇಕಿಲ್ಲವಂತೆ. ನನ್ನ ಪಾರಾಯಣದ ಪುಸ್ತಕದ ಹಿಂದಿನ ಹಾಳೆಯಲ್ಲಿ, ಮುಗಿಸಿದ ದಿನ, ತಿಥಿ, ಹೊತ್ತು, ಮದುವೆಯಾದ ವರ್ಷದಿಂದ ಬರೆದಿದ್ದೇನೆ, ನಮ್ಮತ್ತೆ ಹಾಗೆ ಬರೆಯುತ್ತಿದ್ದರು, ಅವರತ್ತೆಯೂ, ಹಾಳೆ ತುಂಬಿ ಹೊಸ ಹಾಳೆ ಅಂಟಿಸಿದ್ದೇನೆ, ಇವರು ನಗುತ್ತಿದ್ದರು, ದೇವರು ಲೆಕ್ಕ ಇಟ್ಕೊಳ್ಳಲ್ವೇನೆ, ನೀನ್ಯಾಕೆ ಬರೀತೀಯ — ಆದರೆ ಇವರ ಯಂತ್ರವೂ ಅದನ್ನೇ ಮಾಡುತ್ತಿತ್ತು ಎಂದು ಒಂದು ದಿನವೂ ಹೇಳಲಿಲ್ಲ. ತಾಳು ಎಂದೆ. ಹಾಗಾದರೆ ಅವರು ಕೊನೆಯದಾಗಿ ಓದಿದ್ದು ಯಾವುದು, ಇದರಲ್ಲಿ ಬರೆದಿರಬೇಕಲ್ಲ. ಹುಡುಗಿಯ ಬೆರಳು ನಿಂತಿತು. ಇರುತ್ತೆ ಆಂಟಿ, ಪಟ್ಟಿ ನೋಡಿದ್ರೆ ಏನೂ ಆಗಲ್ಲ, ತೋರಿಸ್ತೀನಿ.

ಪಟ್ಟಿ ಬಂತು, ಅವಳ ಹೆಸರಿನ ಖಾನೆಯೊಳಗೆ, ಅವಳು ಇನ್ನೂ ಹೊರತೆಗೆಯದ ಅಧ್ಯಾಯಗಳು ಒಂದರ ಕೆಳಗೊಂದು, ಮುಂದೆ ತಾರೀಖು, ನಾಲ್ಕನೆಯದು ಮಾರ್ಚ್‌ನಲ್ಲಿ, ಐದನೆಯದು ಅವಳು ತಂದು ಹಾಕಿದ ದಿನಕ್ಕೇ ನಿಂತಿತ್ತು, ಸರ್ ಇದನ್ನ ಓಪನ್ನೇ ಮಾಡಿಲ್ಲ, ಅಂದಳು, ಮೂಗು ಒರೆಸಿಕೊಂಡಳು, ನನಗೆ ಸಂತೋಷವಾಯಿತು, ದೇವರ ಮುಂದೆ ಸುಳ್ಳು ಹೇಳಲಾರೆ, ಜಪಮಣಿ ಕೈಯಲ್ಲಿ ಹಿಡಿದೇ ಸಂತೋಷಪಟ್ಟೆ. ಆದರೆ ಎಲ್ಲಕ್ಕಿಂತ ಕೆಳಗೆ ಇನ್ನೊಂದು, ಹೆಸರಿಲ್ಲದ ಹಾಗೆ ಬರೀ ಎಕ್ಸ್ ಎಂಬ ಒಂದಕ್ಷರ, ಮುಂದೆ ಏಪ್ರಿಲ್ ಹದಿನೇಳು, ಐದು ಗಂಟೆ ನಲವತ್ತು ನಿಮಿಷ. ಆ ಶನಿವಾರ. ಬೆಳಗಿನ ಐದು ನಲವತ್ತಕ್ಕೆ ನಾನು ತಲೆಗೆ ನೀರು ಹಾಕಿಕೊಂಡು ಇದೇ ಮಣೆಯ ಮುಂದೆ ಬತ್ತಿ ಹೊಸೆಯುತ್ತಿದ್ದೆ, ಅವರು ನನ್ನ ಬೆನ್ನ ಹಿಂದೆ, ಇವಳ ಖಾನೆ ತೆರೆದು ಓದುತ್ತಿದ್ದರು, ಆಮೇಲೆ ಚೀಲ ತೆಗೆದುಕೊಂಡು ಬರ್ತೀನೆ ಎಂದು ಹೋದರು, ಏಳಕ್ಕೆ ಲೇಕ್ ಮಾರ್ಕೆಟ್ಟಿನ ಶರಣಪ್ಪನ ಅಂಗಡಿಯ ಮೆಟ್ಟಿಲಲ್ಲಿ ಕುಸಿದರು. ಏನಿದು, ಎಂದೆ. ಗೊತ್ತಿಲ್ಲ ಆಂಟಿ, ನಂದಲ್ಲ. ನಿನ್ನ ಹೆಸರಿನೊಳಗೇ ಇದೆಯಲ್ಲಮ್ಮ. ಸರ್ ಇಲ್ಲೇ ಕೆಲ್ಸ ಮಾಡ್ತಾ ಇದ್ರಲ್ಲ, ಇಟ್ಟಿರ್ಬೇಕು, ಒಂದೈದು ನಿಮಿಷ, ಮೊದಲು ಆ ಬರ್ಕೊಳ್ಳೋದನ್ನ ಬಂದ್ ಮಾಡ್ತೀನಿ, ಆಮೇಲೆ ಓಪನ್ ಮಾಡೋಣ, ಇಲ್ಲಾಂದ್ರೆ — ಇಲ್ಲಾಂದ್ರೆ ಏನು ಎಂದು ನಾನು ಕೇಳಲಿಲ್ಲ, ಐದು ನಿಮಿಷದಲ್ಲಿ ಅಳಿಸಿಬಿಡುತ್ತಾಳೆ, ಏನೋ ಮುಚ್ಚಿಡುತ್ತಾಳೆ, ಕೂಸೇ ಎಂದು ಶುರುವಾಗುವ ಕಾಗದ ಇರಬೇಕು, ಬಂದ್ ಗಿಂದ್ ಏನೂ ಬೇಡ, ಅವರು ಇಟ್ಟ ಹಾಗೇ ಇರಲಿ, ನನ್ನೆದುರಿಗೆ ತೆಗಿ, ಈಗಲೇ ತೆಗಿ ಎಂದೆ, ದನಿ ಏರಿತ್ತು, ಅವಳು ನನ್ನ ಮುಖ ನೋಡಿದಳು, ಕೀಲಿ ಹೊಡೆದಳು, ಹಸಿರು ದೀಪ ಒಮ್ಮೆ ಮಿನುಗಿತು.

ಇಂಗ್ಲಿಷ್ ಅಕ್ಷರ, ಕನ್ನಡ ಮಾತು. ಬ್ಯಾಡಗಿ ಕಾಲು ಕಿಲೋ, ಬಣ್ಣ ನೋಡಿ. ಹುಣಸೆಹಣ್ಣು, ಬೀಜ ಇಲ್ಲದ್ದು. ಹುರಿಗಡಲೆ. ಕರಿಬೇವು, ಪುಕ್ಕಟೆ ಕೇಳಿ. ಹಿಂಗು, ಸಣ್ಣ ಡಬ್ಬಿ, ಮರೆತರೆ ಮನೆಗೆ ಬರಬೇಡಿ. ನಾನು ಹೇಳಿದ್ದು. ಶುಕ್ರವಾರ ಸಂಜೆ ಅವರ ಬೆನ್ನ ಹಿಂದೆ ನಿಂತು ಹೇಳಿದ್ದು, ಒಂದು ಪದವೂ ಬಿಡದೆ, ಅವರು ತಿರುಗದೆ ಟಕಟಕ ಹೊಡೆಯುತ್ತಿದ್ದರು, ಪ್ರತಿ ಶುಕ್ರವಾರ ಹಾಗೇ, ಕೇಳಿಸ್ತಾ ಎಂದರೆ ಹೂಂ ಅನ್ನುತ್ತಿದ್ದರು, ಗೋಡೆಗೆ ಹೇಳಿದ ಹಾಗೆ ಎಂದು ನಾನು ಮುಖ ಗಂಟಿಕ್ಕುತ್ತಿದ್ದೆ, ಚೀಟಿ ಒಯ್ಯುತ್ತಿರಲಿಲ್ಲ, ಒಂದು ಸಾಮಾನೂ ಮರೆಯುತ್ತಿರಲಿಲ್ಲ, ಅದೂ ಒಂದು ಜಂಬ ಅಂದುಕೊಂಡಿದ್ದೆ. ಶರಣಪ್ಪ ಆ ಸಂಜೆ ಚೀಲ ತಂದು ಬಾಗಿಲಲ್ಲಿ ಇಟ್ಟ, ಎಲ್ಲಾ ತಗೊಂಡಿದ್ರು ಅಮ್ಮಾರೆ, ಚೀಲ ಕೆಳಗ ಬಿಡಲಿಲ್ಲ ಅವರು — ಕರಿಬೇವು ಬಾಡಿತ್ತು, ಹಿಂಗಿನ ಡಬ್ಬಿ ಮೇಲೇ ಇತ್ತು, ಇನ್ನೂ ಒಡೆದಿಲ್ಲ, ಮರೆಯಲಿಲ್ಲ, ಆದರೂ ಬರಲಿಲ್ಲ. ಅವರು ಕೊನೆಗೆ ಓದಿದ್ದು ನನ್ನನ್ನು. ಕಾಗದವಲ್ಲ, ಇವಳಲ್ಲ, ನಾನು. ಪಾರಾಯಣದ ಪುಸ್ತಕ ತೆಗೆದೆ, ಹಿಂದಿನ ಹಾಳೆಯಲ್ಲಿ ಇದೊಂದನ್ನು ಬರೆದುಕೊಳ್ಳೋಣ, ಪೆನ್ನು ಸಿಗಲಿಲ್ಲ, ಅವಳೇ ಕೊಟ್ಟಳು, ಆ ಸಾಲು ಇನ್ನೊಮ್ಮೆ ತೋರಿಸಮ್ಮ, ಹೊತ್ತು ಸರಿಯಾಗಿ ಬರೆಯಬೇಕು ಎಂದೆ. ಅವಳು ತೋರಿಸಲಿಲ್ಲ. ತೋರಿಸಮ್ಮ. ಆಂಟಿ, ಇಲ್ಲಾಂದ್ರೆ ಅಂತ ಆಗ ನಾನು ಹೇಳೋಕೆ ಹೋಗಿದ್ದು ಅದನ್ನೇ. ಪಟ್ಟಿ ಬಂತು, ಎಕ್ಸ್, ಮುಂದೆ ಇವತ್ತಿನ ತಾರೀಖು, ಒಂಬತ್ತು ಹದಿನಾಲ್ಕು. ನಾವು ಓದಿದ ಹೊತ್ತು. ಮೊದಲಿನದು ಎಲ್ಲಿ ಎಂದೆ. ಒಂದೇ ಇಡುತ್ತೆ ಆಂಟಿ, ಹಳೇದರ ಮೇಲೇ ಬರೆಯುತ್ತೆ.

ಅತ್ತವಳು ಅವಳು, ನಾನಲ್ಲ. ನಂಗೆ ನೆನಪಿದೆ ಆಂಟಿ, ಐದು ನಲವತ್ತು ಅಂತ ನಾನೇ ವಾಪಸ್ ಹಾಕಿಕೊಡ್ತೀನಿ, ಆಗುತ್ತೆ, ಯಾರಿಗೂ ಗೊತ್ತಾಗಲ್ಲ, ಎಂದಳು, ಮಗು, ಒಳ್ಳೆಯ ಮನಸ್ಸಿನಿಂದಲೇ ಎಂದಳು, ಆದರೆ ಅದು ಇವಳ ಕೈ ಬರೆದದ್ದಾಗುತ್ತದೆ, ಇವಳದೇ ಆಗುತ್ತದೆ, ಬೇಡ, ಅದೊಂದು ಬೇಡ, ಎಂದೆ. ಆಮೇಲೆ ಆ ಬರೆದುಕೊಳ್ಳುವುದನ್ನು ಬಂದ್ ಮಾಡಿದಳು. ಈಗ ಓಡುತ್ತಿದೆ, ಕರಕರ ಕಮ್ಮಿಯಾಗಿದೆ, ಇನ್ನರ್ಧ ಗಂಟೆ ಸಾಕು ಆಂಟಿ ಅನ್ನುತ್ತಾಳೆ, ಒಂದು, ಎರಡು, ಮೂರು, ಮಣಿ ಸರಿಯುತ್ತಿಲ್ಲ, ಶ್ರೀಹರಿ, ಪುಸ್ತಕ ಮಡಿಲಲ್ಲಿ ತೆರೆದೇ ಇದೆ, ಬರೆಯಲೇ, ಕಂಡದ್ದು ನನ್ನ ಕಣ್ಣಲ್ಲವೇ, ನನ್ನ ಕೈಯಿಂದ ಬರೆಯಲೇ, ಬರೆದರೆ ಕೆಳಗೆ ಒಂಬತ್ತು ಹದಿನಾಲ್ಕನ್ನೂ ಬರೆಯಬೇಕಾಗುತ್ತದೆ, ಅಳಿಸಿದ ಹೊತ್ತು, ಅಳಿಸಿದವಳ ಹೆಸರು — ನಾನು ತೆಗಿ ಎಂದೆ, ಅವಳು ಹೊಡೆದಳು, ಸಾಸಿವೆ ಕಾಳಿನಷ್ಟು ದೀಪ, ಹಸಿರು, ಒಂದೇ ಸಲ ಮಿನುಗಿತು, ಒಂದೇ ಸಲ.