ಡಯಾಲಿಸಿಸ್ ಕೋಣೆಯಲ್ಲಿ ನರ್ಸಬಾಯಿ

ನನ್ನ ತಾಯಿ ಜಿಜಾಬಾಯಿಯನ್ನು ಔರಾದ ತಾಲೂಕಿನಲ್ಲಿ ಹೆಸರು ಹಿಡಿದು ಕರೆದವರು ಕಡಿಮೆ. ಮೂವತ್ತೆಂಟು ವರ್ಷ ಆಕೆ ಅಲ್ಲಿ ಹೆರಿಗೆ ಮಾಡಿಸುವ ನರ್ಸ್ ಆಗಿದ್ದಳು. ಊರೂರಿಗೂ ಆಕೆ ನರ್ಸಬಾಯಿ. ಮನೆಯಲ್ಲಿ ನಾವು ಆಯಿ ಎನ್ನುತ್ತಿದ್ದೆವು.

ಸಕ್ಕರೆ ಕಾಯಿಲೆ ಬಂದು, ಎಪ್ಪತ್ತೊಂದನೆಯ ವಯಸ್ಸಿಗೆ ಆಕೆಯ ಎರಡೂ ಕಿಡ್ನಿ ಕೆಟ್ಟವು. ಊರು ಬಿಟ್ಟು ಬೀದರಿನ ನನ್ನ ಮನೆಗೆ ಬಂದಳು. ನಾನು ಶಾಲು, ಜನವಾಡದ ಸಾಲಿಯಲ್ಲಿ ಮಾಸ್ತರಿಣಿ. ಸೋಮವಾರ, ಗುರುವಾರ ಅರ್ಧ ದಿನ ರಜೆ ಹಾಕಿ ಆಕೆಯನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿದ್ದೆ. ನಾಲ್ಕು ತಾಸು ಮಶೀನಿಗೆ ಕೈ ಕೊಟ್ಟು ಮಲಗುವ ದಿನವೂ ಆಯಿ ಇಸ್ತ್ರಿ ಮಾಡಿದ ಬಿಳಿ ಸೀರೆಯನ್ನೇ ಉಡುತ್ತಿದ್ದಳು. "ದವಾಖಾನಿಗಿ ನಾ ರೋಗಿ ಆಗಿ ಹೋದ್ರೂ ನರ್ಸ್ ಆಗೇ ಹೋಗ್ತೇನಿ" ಅನ್ನುತ್ತಿದ್ದಳು.

ಆಕೆ ಆ ಬಿಳಿ ಸೀರೆಗೆ ಬಂದದ್ದು ಸುಲಭಕ್ಕಲ್ಲ. ಐವತ್ತಾರನೆಯ ಇಸವಿಯ ಅಕ್ಟೋಬರಿನಲ್ಲಿ ನನ್ನ ಅಜ್ಜ ಕಾಶೀರಾಮ ಭಾಲ್ಕಿ ಹತ್ತಿರದ ಹಲಬರ್ಗಾದಿಂದ ನಾಗಪುರಕ್ಕೆ ಹೋಗಿ, ಹದಿನಾಲ್ಕನೆಯ ತಾರೀಖು ಬೌದ್ಧ ದೀಕ್ಷೆ ತೆಗೆದುಕೊಂಡು ಬಂದ. ಅವನು ಬಂದು ಇನ್ನೂ ಸರಿಯಾಗಿ ಕೂತಿರಲಿಲ್ಲ, ನವೆಂಬರ್ ಒಂದಕ್ಕೆ ಬೀದರ ಜಿಲ್ಲೆ ಹೈದರಾಬಾದ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. "ಹದಿನೆಂಟು ದಿವಸದಾಗ ನಮ್ಮ ಧರ್ಮಾನೂ ಹೊಸಾದು, ಸರ್ಕಾರಾನೂ ಹೊಸಾದು" ಎಂದು ಆಯಿ ನಗುತ್ತಿದ್ದಳು. ಆಗ ಆಕೆಗೆ ಹದಿನಾರು. ಭಾಲ್ಕಿಯಲ್ಲಿ ಮರಾಠಿ ಸಾಲಿಯ ಏಳನೆಯ ಇಯತ್ತೆ ಪಾಸಾಗಿದ್ದಳು. ಕನ್ನಡ ಬಾಯಿಗೆ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ.

ಮುಂದಿನ ವರ್ಷ ಬೀದರಿನಲ್ಲಿ ಸೂಲಗಿತ್ತಿ ನರ್ಸ್ ತರಬೇತಿಗೆ ಹುಡುಗಿಯರನ್ನು ಕರೆದರು. ಅರ್ಜಿ ಕನ್ನಡದಲ್ಲೇ ಬರೆಯಬೇಕಿತ್ತು. ಆಯಿ ಭಾಲ್ಕಿಯ ವತ್ಸಲಾಬಾಯಿ ಎನ್ನುವ ಮಾಸ್ತರಿಣಿಯ ಪಡಸಾಲೆಯಲ್ಲಿ ನಲವತ್ತು ದಿನ ಕೂತು ಅಕ್ಷರ ಕಲಿತಳು, ತನ್ನ ಅರ್ಜಿಯನ್ನು ತಾನೇ ಬರೆದಳು.

ಸಂದರ್ಶನದಲ್ಲಿ ಮೈಸೂರು ಕಡೆಯಿಂದ ಬಂದ ಅಧಿಕಾರಿಯೊಬ್ಬರು ಕೇಳಿದರು: "ಮಲಬದ್ಧತೆ ಅಂದರೆ ಏನಮ್ಮ?"

ಆಯಿಗೆ ಆ ಮಾತೇ ಹೊಸದು. "ಅದು ನಾ ಕೇಳಿಲ್ರಿ. ಏನದ ನೀವು ಹೇಳ್ರಿ, ಆಮ್ಯಾಗ ನಾ ಹೇಳ್ತೇನಿ" ಅಂದಳು.

ಪಕ್ಕದಲ್ಲಿ ಕೂತಿದ್ದ ಬೀದರಿನ ಡಾಕ್ಟರ್ ಸಲಾವೋದ್ದೀನ ನಕ್ಕು, ಉರ್ದುವಿನಲ್ಲಿ ಅರ್ಥ ಹೇಳಿದರು.

"ಓ, ಅದೇನ್ರಿ!" ಎಂದಳು ಆಯಿ. "ಬಸುರಿ ಹೆಣ್ಮಕ್ಕಳಿಗಿ ಅದು ಬಾಳ ಇರ್ತದ್ರಿ. ಆದ್ರ ನೀವು ಕೇಳ್ದಂಗ ಕೇಳಿದ್ರ ಯಾರೂ ಬಾಯಿ ಬಿಡಂಗಿಲ್ಲ. ಕನ್ನಡದವರಿಗಿ ಬೈಲಕಡಿ ಆಗ್ಯಾದೇನ್ ಅನ್ಬೇಕು, ಮುಸಲ್ಮಾನರಿಗಿ ಕಬ್ಜ್ ಅದೇನ್ ಅನ್ಬೇಕು, ಮರಾಠಿಯವರಿಗಿ ಪೋಟ ಸಾಫ ಅದೇನ್ ಅನ್ಬೇಕು. ಅದೂ ಗಂಡಸರು ಹೊರಗ ಹೋದ ಮ್ಯಾಲ, ಒಲಿ ಮುಂದ ಬಾಜೂಕ ಕೂತು ಕೇಳ್ಬೇಕ್ರಿ."

ಮೈಸೂರಿನ ಅಧಿಕಾರಿ ಮತ್ತೆ ಪ್ರಶ್ನೆ ಕೇಳಲಿಲ್ಲವಂತೆ. ಹನ್ನೊಂದು ಹುಡುಗಿಯರಲ್ಲಿ ಆಕೆಯ ಹೆಸರು ಮೊದಲು ಬಂತು. ತರಬೇತಿ ಮುಗಿಸಿ ಕೆಲಸಕ್ಕೆ ಹೋದ ಔರಾದದ ಕೆಲವು ಮನೆಗಳಲ್ಲಿ ಜಾತಿ ನೋಡಿ ಆಕೆಯನ್ನು ಹಿತ್ತಿಲ ಬಾಗಿಲಿನಿಂದ ಒಳಗೆ ಕರೆಯುತ್ತಿದ್ದರು. ಕೂಸು ಅಡ್ಡ ಬಂದ ದಿನ ಅದೇ ಮನೆಯವರು ಊರ ಅಗಸಿ ಬಾಗಿಲವರೆಗೆ ಎದುರು ಬಂದು ಕರೆದುಕೊಂಡು ಹೋಗುತ್ತಿದ್ದರು.

ಇಂಥ ಆಯಿ ಡಯಾಲಿಸಿಸ್‌ನ ಮೂರನೆಯ ವರ್ಷ ಮಂಕಾಗತೊಡಗಿದಳು. ಊಟ ಸೇರುತ್ತಿರಲಿಲ್ಲ. ಬೆನ್ನು, ತೋಳು ತುರಿಸಿ ತುರಿಸಿ ಗಾಯ ಮಾಡಿಕೊಂಡಿದ್ದಳು. ಸಂಡಾಸಕ್ಕೆ ಹೋದರೆ ಮುಕ್ಕಾಲು ತಾಸು ಹೊರಗೆ ಬರುತ್ತಿರಲಿಲ್ಲ. "ಏನಾಗ್ಯಾದ ಆಯಿ?" ಎಂದರೆ "ಏನಿಲ್ಲ, ವಯಸ್ಸು" ಅನ್ನುತ್ತಿದ್ದಳು. ನಾನೂ ಕೆದಕಿ ಕೇಳಲಿಲ್ಲ. ನಿಜ ಹೇಳಬೇಕೆಂದರೆ ಆ ವಿಷಯ ಕೇಳಲು ನನಗೇ ಮುಜುಗರ.

ನಮ್ಮ ಬ್ಯಾಚಿನಲ್ಲಿ ಎಂಟು ಮಂಚ. ಆಯಿಯ ಬಲಗಡೆ ಬಾಬುಮಿಯಾ. ಗಾಂಧಿ ಗಂಜ್ ಧಾನ್ಯದ ಪೇಟೆಯಲ್ಲಿ ಮೂವತ್ತು ವರ್ಷ ಹಮಾಲಿ ಮಾಡಿದ ಮನುಷ್ಯ. ಕ್ವಿಂಟಲ್ ತೊಗರಿ ಚೀಲವನ್ನು ಒಬ್ಬನೇ ಬೆನ್ನಿಗೆ ಏರಿಸಿ ಲಾರಿ ಹತ್ತುತ್ತಿದ್ದೆ ಎಂದು ಹೇಳುವಾಗ ಈಗಲೂ ಎದೆ ಉಬ್ಬಿಸುತ್ತಿದ್ದ. ಎದುರು ಮಂಚದಲ್ಲಿ ಭಾಲ್ಕಿಯ ವಕೀಲರು ಗೋವಿಂದರಾವ. ಅವರು ನನ್ನ ಶಾಲೆಯ ಹೆಡ್ ಮಾಸ್ತರರ ಖಾಸ ಅಣ್ಣ. ಅವರ ಮುಂದೆ ನಾನು ಸೆರಗು ಸರಿ ಮಾಡಿಕೊಂಡೇ ಮಾತಾಡುತ್ತಿದ್ದೆ.

ಡಾಕ್ಟರ್ ಕಾವೇರಿ ಚಿಕ್ಕ ವಯಸ್ಸಿನವರು, ಒಳ್ಳೆಯವರು. ಪ್ರತಿ ವಾರ ಮಂಚದಿಂದ ಮಂಚಕ್ಕೆ ಹೋಗಿ "ಮೋಷನ್ ಸರಿಯಾಗಿ ಆಗ್ತಿದೆಯಾ?" ಎಂದು ಕೇಳುತ್ತಿದ್ದರು. ಎಂಟೂ ಮಂದಿ ತಲೆ ಅಲ್ಲಾಡಿಸುತ್ತಿದ್ದರು. ಅವರು ಬರೆದುಕೊಂಡು ಮುಂದೆ ಹೋಗುತ್ತಿದ್ದರು.

ಒಂದು ಸೋಮವಾರ ಬೆಳಿಗ್ಗೆ ಎಲ್ಲರೂ ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದೆವು. ಬಾಬುಮಿಯಾ ಗೋಡೆ ಹಿಡಿದು ಬಂದು ಆಯಿಯ ಪಕ್ಕ ಕುಸಿದು ಕೂತ. "ಕಾಲಾಗ ಜೀವಾನೇ ಇಲ್ರಿ ನರ್ಸಬಾಯಿ" ಅಂದ. ಆಯಿ ಅವನ ಮಣಿಕಟ್ಟು ಹಿಡಿದಳು, ಗೋಡೆಯ ಗಡಿಯಾರ ನೋಡಿದಳು. ಆಕೆಯ ಮುಖ ಬದಲಾಯಿತು.

"ಶಾಲು, ಓಡು. ಡಾಕ್ಟರಬಾಯಿಗಿ ಕರ್ಕೊಂಡ ಬಾ. ನಾಡಿ ಮೂವತ್ತಾರಕ್ಕ ಇಳದದ ಅಂತ ಹೇಳು. ಓಡು!"

ನಾನು ಓಡಿದೆ. ಡಾಕ್ಟರ್ ಕಾವೇರಿ ಬಂದವರೇ ಇಸಿಜಿ ತೆಗೆಸಿದರು, ಕೈಗೆ ಇಂಜೆಕ್ಷನ್ ಕೊಟ್ಟರು, ಎಲ್ಲರಿಗಿಂತ ಮೊದಲು ಅವನನ್ನು ಮಶೀನಿಗೆ ಹಾಕಿಸಿದರು. ರಕ್ತದಲ್ಲಿ ಪೊಟ್ಯಾಶಿಯಮ್ ಏರಿ ಹೃದಯ ನಿಲ್ಲುವ ಹಂತಕ್ಕೆ ಬಂದಿತ್ತಂತೆ. ಇನ್ನು ಸ್ವಲ್ಪ ತಡವಾಗಿದ್ದರೆ ಬೆಂಚಿನ ಮೇಲೇ ಹೋಗಿಬಿಡುತ್ತಿದ್ದ.

ಎರಡು ತಾಸಿನ ನಂತರ ಅವನು ಕಣ್ಣು ಬಿಟ್ಟು ಸರಿಯಾಗಿ ಮಾತಾಡಿದ. ಡಾಕ್ಟರ್ ಕೇಳಿದರು, "ಏನು ತಿಂದ್ರಿ ನಿನ್ನೆ?"

"ಬಾಳೆಹಣ್ಣು. ಐದಾರು. ಎಳನೀರೂ ಕುಡದೆ."

"ಬಾಳೆಹಣ್ಣು, ಎಳನೀರು ನಿಮಗೆ ವಿಷ ಅಂತ ನೂರು ಸಲ ಹೇಳಿದ್ದೀನಿ. ಗೊತ್ತಿದ್ದೂ ಯಾಕೆ ತಿಂದ್ರಿ?"

ಬಾಬುಮಿಯಾ ಮುಖ ಗೋಡೆಯ ಕಡೆ ತಿರುಗಿಸಿದ. ಆಗ ಪಕ್ಕದ ಮಂಚದಿಂದ ಆಯಿ, ಮಶೀನಿಗೆ ಕಟ್ಟಿದ ಕೈ ಅಲುಗಿಸದೆ ಅವನ ಕಡೆ ಬಾಗಿ, ಅವನ ಮಾತಿನಲ್ಲೇ ಮೆಲ್ಲಗೆ ಕೇಳಿದಳು: "ಬಾಬು ಭಾಯ್, ಕಬ್ಜ್ ಹೈ ಕ್ಯಾ? ಕಿತ್ತೇ ದಿನಾಂ ಹುವೇ?"

ಅವನು ಮುಖ ತಿರುಗಿಸದೆಯೇ ಬೆರಳು ಎತ್ತಿದ. ಒಂದು ಕೈಯ ಐದು, ಇನ್ನೊಂದು ಕೈಯ ಒಂದು. ಆರು ದಿನ.

ಹೊಟ್ಟೆ ಸಡಿಲ ಆಗಲಿ ಎಂದು ಯಾರೋ ಬಾಳೆಹಣ್ಣು ತಿನ್ನು ಅಂದಿದ್ದರು, ತಿಂದಿದ್ದ. ಡಾಕ್ಟರ್ ಕಾವೇರಿ ನಿಂತಲ್ಲೇ ನಿಂತರು. "ನಾನು ವಾರ ವಾರ ಕೇಳ್ತೀನಲ್ಲ..."

"ಕೇಳ್ತೀರಿ ಡಾಕ್ಟರಬಾಯಿ, ಇಲ್ಲ ಅನ್ನಂಗಿಲ್ಲ" ಎಂದಳು ಆಯಿ. "ಆದ್ರ ಮಂಚದ ಕಾಲ ಬಲ್ಲಿ ನಿಂತು, ಎಂಟು ಮಂದಿಗಿ ಕೇಳ್ಸೋ ಹಂಗ ಕೇಳ್ತೀರಿ. ತನ್ನ ಮಗಳ ವಯಸ್ಸಿನಕಿಗಿ ಈ ಮನುಷ್ಯಾ ಹ್ಯಾಂಗ ಹೇಳ್ಬೇಕ್ರಿ? ಚೀಲ ಹೊತ್ತ ಗಂಡಸು ಅವ."

ಬಳಿಕ ಆಕೆ ಕೋಣೆಯ ಕಡೆ ತಿರುಗಿದಳು. "ಮತ್ತ ಯಾರ್ಯಾರಿಗಿ ಅದ್ರಿ? ಇವತ್ತ ಹೇಳ್ರಿ."

ಗೋವಿಂದರಾವ ಪೇಪರ್ ಮುಖಕ್ಕೆ ಅಡ್ಡ ಹಿಡಿದರು. ಆಗ ಆಯಿ ಔರಾದದ ಓಣಿಗಳಲ್ಲಿ ಕೂಗಿ ಅಭ್ಯಾಸವಿದ್ದ ಅದೇ ದೊಡ್ಡ ದನಿಯಲ್ಲಿ ಹೇಳಿದಳು:

"ನಂಗ ಐದು ದಿವಸ ಆಗ್ಯಾದ್ರಿ. ಬೈಲಕಡಿ ಆಗಿಲ್ಲ. ಈ ಮೈ ತುರಕಿ, ಬಾಯಿ ರುಚಿ ಹೋಗಿದ್ದು, ಎಲ್ಲಾ ಅದರ್ದೇ ಇರ್ಬೇಕು. ಊರ ಮಂದಿಗೆಲ್ಲ ಕೇಳ್ಕೋತ ತಿರಗದಕಿ ನಾ, ನಂದು ನಾ ಮುಚ್ಚಿಟ್ಟೆ. ತಪ್ಪು ಮಾಡ್ದೆ."

ನನ್ನ ಕಿವಿ ಬಿಸಿಯಾಯಿತು. ಹೆಡ್ ಮಾಸ್ತರರ ಅಣ್ಣನ ಮುಂದೆ! ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಅಷ್ಟರಲ್ಲಿ ಪೇಪರ್ ಕೆಳಗಿಳಿಯಿತು. "ನಂದೂ ನಾಲ್ಕು ದಿವಸ ಆತ್ರಿ ನರ್ಸಬಾಯಿ" ಎಂದರು ವಕೀಲರು, ಕನ್ನಡಕ ತೆಗೆದು ಒರೆಸಿಕೊಳ್ಳುತ್ತ. ಬಾಗಿಲ ಬಳಿಯ ಕೇಶರಬಾಯಿ "ನಂಗಂತೂ ವರ್ಷದಿಂದ ಹಿಂಗೇ" ಅಂದಳು. ಒಬ್ಬೊಬ್ಬರೇ ಬಾಯಿ ಬಿಟ್ಟರು. ಎಂಟರಲ್ಲಿ ಆರು ಮಂದಿ.

ಆಗ ನನ್ನ ನಾಚಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಆ ಕೋಣೆಯಲ್ಲಿ ಅಷ್ಟು ಧೈರ್ಯ ಇದ್ದವಳು ನನ್ನ ತಾಯಿ ಒಬ್ಬಳೇ.

ಡಾಕ್ಟರ್ ಕಾವೇರಿ ಸ್ಟೂಲ್ ಎಳೆದುಕೊಂಡು ಆಯಿಯ ಪಕ್ಕ ಕೂತರು. ಎಲ್ಲರಿಗೂ ತಿಳಿಯುವಂತೆ ನಿಧಾನ ಹೇಳಿದರು. ನಮ್ಮ ಕರುಳಿನಲ್ಲಿ ಕೋಟಿಗಟ್ಟಲೆ ಕಣ್ಣಿಗೆ ಕಾಣದ ಜೀವಿಗಳಿವೆ. ಒಳ್ಳೆಯವು ಸೊಪ್ಪು, ಕಾಯಿ, ಹಣ್ಣಿನ ನಾರು ತಿಂದು ಬದುಕುತ್ತವೆ. ಡಯಾಲಿಸಿಸ್‌ನವರಿಗೆ ಪೊಟ್ಯಾಶಿಯಮ್ ಭಯಕ್ಕೆ ಅದನ್ನೆಲ್ಲ ಕಡಿಮೆ ಮಾಡಿಸುತ್ತೇವೆ, ನೀರನ್ನೂ ಅಳೆದು ಕೊಡುತ್ತೇವೆ, ಕೆಲವು ಗುಳಿಗೆಗಳೂ ಹೊಟ್ಟೆ ಕಟ್ಟಿಸುತ್ತವೆ. ಒಳ್ಳೆಯ ಜೀವಿಗಳು ಹಸಿದು ಕುಗ್ಗುತ್ತವೆ, ಬೇರೆಯವು ಬೆಳೆಯುತ್ತವೆ. ಹೊಟ್ಟೆಯಲ್ಲಿ ನಿಂತದ್ದನ್ನು ಅವು ಕೊಳೆಸಿ ವಿಷ ಮಾಡುತ್ತವೆ. ಆ ವಿಷದಲ್ಲಿ ಎಷ್ಟೋ ಭಾಗ ಮಶೀನಿಗೂ ಸಿಗುವುದಿಲ್ಲ.

"ಅಂದ್ರ, ಕಿಡ್ನಿ ಹೋದ ಮ್ಯಾಲ ಕರುಳೇ ಎರಡನೇ ದಾರಿ?" ಎಂದಳು ಆಯಿ.

"ಹೌದು. ಪೊಟ್ಯಾಶಿಯಮ್ ಕೂಡ ಅಲ್ಲಿಂದಲೇ ಒಂದಿಷ್ಟು ಹೊರಗೆ ಹೋಗುತ್ತೆ. ಆ ದಾರಿ ಕಟ್ಟಿದರೆ ರಕ್ತದಲ್ಲಿ ಏರುತ್ತೆ. ಬಾಬುಮಿಯಾಗೆ ಬಾಳೆಹಣ್ಣಿನ ಜೊತೆ ಅದೂ ಸೇರಿತು."

"ಹಂಗಾದ್ರ ಇನ್ನೊಂದು ಮಾತು ಕೇಳ್ರಿ. ಈ ಕೋಣಿ ಬಾಜೂಕ ಸಂಡಾಸ ಅದ. ಅದಕ್ಕ ಬೀಗ ಹಾಕ್ಯಾರ, ಒಳಗ ಮುರುದ ಕುರ್ಚಿ ತುಂಬ್ಯಾರ. ಇನ್ನೊಂದು ಅದ, ಅದು ಆ ಕಡಿ ತುದಿಗಿ, ಅದೂ ಕುಕ್ಕರಗಾಲಿಲೆ ಕೂಡೋದು. ನಮಗ ಕೂತ್ರ ಏಳಾಕ ಬರಂಗಿಲ್ಲ. ಡಯಾಲಿಸಿಸ್ ದಿವಸ ಎಲ್ಲರೂ ತಡ್ಕೊಂಡೇ ಬರ್ತೇವಿ, ತಡ್ಕೊಂಡೇ ಹೋಗ್ತೇವಿ. ತಡದು ತಡದು ಹೋಗ್ಬೇಕನ್ನೋ ಅರಿವೇ ಸತ್ತು ಹೋಗ್ಯಾದ."

ಡಾಕ್ಟರ್ ಕಾವೇರಿ ಮೇಲಿನವರಿಗೆ ಹಿಂದೆ ಎರಡು ಸಲ ಹೇಳಿದ್ದರಂತೆ, ಏನೂ ಆಗಿರಲಿಲ್ಲ. ಆಯಿ ಮನೆಗೆ ಬಂದು ಕಾಗದ ಕೇಳಿದಳು. ಸೂಜಿ ಚುಚ್ಚಿದ ಕೈ ನೋಯುತ್ತಿತ್ತು. "ನಾ ಬರಕೊಡ್ತೇನಿ" ಎಂದರೂ ಕೊಡಲಿಲ್ಲ. ದಪ್ಪ ದಪ್ಪ ಅಕ್ಷರದಲ್ಲಿ ತಾನೇ ಬರೆದಳು: "ಡಯಾಲಿಸಿಸ್ ರೋಗಿಗಳಿಗೆ ಕುರ್ಚಿಯಂತೆ ಕೂಡುವ, ಹಿಡಿದು ಏಳಲು ಸರಳಿರುವ ಸಂಡಾಸ ಬೇಕು. ಇದು ಸೌಕರ್ಯದ ಮಾತಲ್ಲ, ಜೀವದ ಮಾತು." ಗುರುವಾರ ಎಲ್ಲರ ಸಹಿ ಹಾಕಿಸಿದಳು. ವಕೀಲರು ಮೊದಲು ಮಾಡಿದರು, ಬಾಬುಮಿಯಾ ಹೆಬ್ಬೆಟ್ಟು ಒತ್ತಿದ. ಆ ದಿನ ಡಯಾಲಿಸಿಸ್ ಮುಗಿದ ಮೇಲೆ ನನ್ನ ತೋಳು ಹಿಡಿದುಕೊಂಡು ದವಾಖಾನೆಯ ದೊಡ್ಡ ಸಾಹೇಬರ ಕೋಣೆಗೆ ಹೋಗಿ ಕೂತಳು.

"ಚಾವಿ ಯಾರ ಬಲ್ಲಿ ಅದನೋ ಗೊತ್ತಿಲ್ಲಮ್ಮ" ಎಂದರು ಅವರು.

"ಹುಡುಕ್ರಿ ಸಾಹೇಬ್ರ. ನಾ ಕೂತೇನಿ. ನಂದು ಮತ್ತ ಸೋಮವಾರನೇ ಡಯಾಲಿಸಿಸ್. ಅಲ್ಲಿತನ ನಂಗ ಬ್ಯಾರೆ ಕೆಲಸಿಲ್ಲ."

ಒಂದೂವರೆ ತಾಸಿನ ನಂತರ ಅಟೆಂಡರ್ ಅಬ್ದುಲ ವಾಹೀದ ಚಾವಿ ತಂದ. ಮುರಿದ ಕುರ್ಚಿಗಳು ಅದೇ ದಿನ ಹೊರಬಿದ್ದವು. ಮೂರನೆಯ ವಾರಕ್ಕೆ ಕಮೋಡ್ ಬಂತು, ಗೋಡೆಗೆ ಸ್ಟೀಲಿನ ಸರಳು ಬಂತು.

ಡಾಕ್ಟರ್ ಕಾವೇರಿಯೂ ಬದಲಾದರು. ಈಗ ಸ್ಟೂಲ್ ಹಾಕಿಕೊಂಡು, ಪರದೆ ಎಳೆದು, ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ಎಲ್ಲರಿಗೂ ಒಂದು ಸಿಹಿ ಸಿರಪ್ ಬರೆದುಕೊಟ್ಟರು, ಅಂಗಡಿಯ ಜುಲಾಬಿನ ಪುಡಿ ಮುಟ್ಟಬೇಡಿ ಎಂದರು. ಪೊಟ್ಯಾಶಿಯಮ್ ಹೋಗಲೆಂದು ಕಾಯಿಪಲ್ಯ ಹೆಚ್ಚಿ, ಕುದಿಸಿ, ನೀರು ಚೆಲ್ಲಿ ತಿನ್ನುವ ರೀತಿಯನ್ನು ಆಯಿ ಹೆಂಗಸರಿಗೆಲ್ಲ ಹೇಳಿಕೊಟ್ಟಳು. ಎರಡು ತಿಂಗಳಿಗೆ ಆಕೆಯ ಬೆನ್ನಿನ ಗಾಯ ಮಾಯ್ದವು. ಬಾಬುಮಿಯಾ ಮತ್ತೆ ತೊಗರಿ ಚೀಲದ ಕಥೆ ಶುರು ಮಾಡಿದ.

ಆ ಚಳಿಗಾಲದಲ್ಲಿ ಬೀದರಿನ ನರ್ಸಿಂಗ್ ಕಲಿಯುವ ಹುಡುಗಿಯರಿಗೆ ಪಾಠ ಹೇಳಲು ಡಾಕ್ಟರ್ ಕಾವೇರಿ ಆಯಿಯನ್ನು ಕರೆದರು. ಅರವತ್ತು ಹುಡುಗಿಯರು. ಆಯಿ ಕುರ್ಚಿಯಲ್ಲಿ ಕೂತು ಅರ್ಧ ತಾಸು ಮಾತಾಡಿದಳು. ಯಾವ ಮನೆಯಲ್ಲಿ ಯಾವ ಮಾತು ಆಡಬೇಕು, ಎಲ್ಲಿ ಕೂಡಬೇಕು, ಉತ್ತರ ಬರದಿದ್ದರೆ ಎಷ್ಟು ಹೊತ್ತು ಕಾಯಬೇಕು, ಎಲ್ಲ.

ಕೊನೆಗೆ ಒಬ್ಬಳು ಹುಡುಗಿ ಎದ್ದು ಕೇಳಿದಳು, "ಅಜ್ಜಿ, ಎಲ್ಲರ ಮುಂದ ಹೇಳಾಕ ನಿಮಗ ನಾಚ್ಕಿ ಆಗ್ಲಿಲ್ಲೇನ್ರಿ?"

"ಆತವ್ವಾ, ಬಾಳ ಆತು" ಎಂದಳು ಆಯಿ. "ಆದ್ರ ಬಾಬುಮಿಯಾನ ನಾಡಿ ನನ್ನ ಕೈಯಾಗಿತ್ತು. ಅದು ನಿಲ್ಲೋದಕ್ಕಿಂತ ನನ್ನ ನಾಚ್ಕಿ ದೊಡ್ಡದೇನಲ್ಲ ಅನಸ್ತು."

ಹುಡುಗಿಯರು ಎದ್ದು ನಿಂತು ಚಪ್ಪಾಳೆ ಹೊಡೆದರು. ಹಿಂದಿನ ಸಾಲಿನಲ್ಲಿದ್ದ ನಾನೂ ಹೊಡೆದೆ, ಅಂಗೈ ಉರಿಯುವಷ್ಟು. ಹೊರಗೆ ಬಂದು ಆಟೋ ಹತ್ತುವಾಗ ಆಯಿ ನನ್ನ ಕಡೆ ನೋಡಿದಳು.

"ಹಸಿವಿ ಆಗ್ಯಾದ ಶಾಲು" ಅಂದಳು. "ಮನಿಗಿ ಹೋಗಿ ಬಿಸಿ ರೊಟ್ಟಿ ಬಡಿ. ಇವತ್ತ ಎರಡು ತಿಂತೇನಿ."